ಕಾಣದ ಪ್ರಾವಸ್ಥೆಗೆ ಅಳತೆ ಸಿಕ್ಕ ಬಗೆ

ಅಥಣಿ, ರಾಯಬಾಗ, ಕಾಗವಾಡದ ಕಡೆ ಕೃಷ್ಣೆಯ ದಡದ ತಿಳಿನೀರಿನ ತಳದಲ್ಲಿ ಬಿಸಿಲಿನ ಬಲೆ ಅಲುಗಾಡುವುದನ್ನು ನೀವು ನೋಡಿರಬಹುದು. ಅಲೆಯ ಉಬ್ಬುತಗ್ಗು ಬೆಳಕನ್ನು ಒಂದೆಡೆ ಕೂಡಿಸಿ, ಇನ್ನೊಂದೆಡೆ ಚದುರಿಸುತ್ತದೆ. ಜೀವಕೋಶವೂ ನೀರಿನಂತೆ ಪಾರದರ್ಶಕ. ಅದನ್ನು ಹಾದ ಬೆಳಕಿನ ಪ್ರಖರತೆ ಹೆಚ್ಚೇನೂ ಬದಲಾಗದು. ಅಲೆ ಮಾತ್ರ ತುಸು ಹಿಂದೆ ಬೀಳುತ್ತದೆ. ಇದೇ ಪ್ರಾವಸ್ಥಾ ವ್ಯತ್ಯಾಸ. ಇದು ಕಣ್ಣಿಗೆ ಕಾಣದು. ಬಣ್ಣ ಹಾಕಿದರೆ ಕೋಶವೇನೋ ಕಾಣುತ್ತದೆ, ಆದರೆ ಅನೇಕ ವೇಳೆ ಸಾಯುತ್ತದೆ.

1930ರ ದಶಕದಲ್ಲಿ ನೆದರ್ಲೆಂಡ್ಸಿನ ಫ್ರಿಟ್ಸ್ ಜೆರ್ನಿಕೆ ಈ ವ್ಯತ್ಯಾಸವನ್ನು ಬೆಳಕು-ನೆರಳಾಗಿ ತೋರಿಸಿದರು. 1953ರಲ್ಲಿ ಅವರಿಗೆ ನೊಬೆಲ್ ದೊರೆಯಿತು. ಆದರೂ ನೇರ ಅಳತೆ ಸಿಗಲಿಲ್ಲ. 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ, ಭಿನ್ನ ಧ್ರುವೀಕರಣದ ಎರಡು ಕಿರಣಗಳು ಕೂಡಿದಾಗ ಪ್ರಖರತೆ ಗರಿಷ್ಠವಾದರೆ ಅವು ಸಮಪ್ರಾವಸ್ಥೆಯಲ್ಲಿವೆ ಎಂದು ನಿರೂಪಿಸಿದರು. ಪ್ರಖರತೆಯೇ ಪ್ರಾವಸ್ಥೆಗೆ ಸಾಕ್ಷಿ. ಆದರೆ ಇಲ್ಲಿ ಎರಡು ಕಿರಣಗಳು ಬೇಕು.

ಒಂದೇ ಕಿರಣ ಸಾಕೆಂದು 1983ರಲ್ಲಿ ಮೈಕೆಲ್ ಟೀಗ್ ತೋರಿಸಿದರು. ಬೆಳಕು ಸಾಗಿದಂತೆ ಪ್ರಖರತೆ ಬದಲಾಗುವ ರೀತಿಯಿಂದ ಪ್ರಾವಸ್ಥೆಯನ್ನು ಲೆಕ್ಕ ಹಾಕಬಹುದು. ಅಲೆಗಳು ಪೂರ್ತಿ ಹೆಜ್ಜೆಗೂಡದ, ಅಂದರೆ ಭಾಗಶಃ ಸಂಸಕ್ತವಾದ, ದೀಪದ ಬೆಳಕಿಗೂ ಇದು ಸಲ್ಲುತ್ತದೆಂದು 1998ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಪಗನಿನ್ ಮತ್ತು ಕೀತ್ ನ್ಯೂಜೆಂಟ್ ನಿರೂಪಿಸಿದರು. ಅಂಥ ಬೆಳಕಿನಲ್ಲಿ ಪ್ರಾವಸ್ಥೆಗೆ ಶಕ್ತಿಯ ಸರಾಸರಿ ಹರಿವೇ ಆಧಾರ. ಲೇಸರಿನ ಚುಕ್ಕೆಗಳ ಕಾಟವೂ ಇಲ್ಲಿ ಕಡಿಮೆ.

ವಿಧಾನ ಸರಳ. ಕಂಡೆನ್ಸರಿನ ಕಿಂಡಿ ಕಿರಿದು ಮಾಡಿ, ಫೋಕಸ್‌ನಲ್ಲಿ ಒಂದು, ಅದರ ಮೇಲೆ ಕೆಳಗೆ ಒಂದೊಂದು, ಹೀಗೆ ಮೂರು ಚಿತ್ರ ತೆಗೆಯಬೇಕು. ಉಳಿದದ್ದು ಗಣಕದ ಕೆಲಸ. ಚಿಕ್ಕೋಡಿ, ನಿಪ್ಪಾಣಿಯ ವಿದ್ಯಾರ್ಥಿ ‘ಮಸುಕು’ ಎಂದು ಬಿಡುವ ಚಿತ್ರದಲ್ಲೇ ಜೀವಂತ ಕೋಶದ ಅಳತೆ ಅಡಗಿದೆ.