ಬೇಗ ಹೋಗುವ ರೈಲು ಯಾವುದು?

ಮಲ್ಲತ್ತಹಳ್ಳಿಯೆಂದರೆ ಹೆಚ್ಚಿನವರಿಗೆ ನೆನಪಾಗುವುದು ಕೆರೆ ಮತ್ತು ಕಲಾಗ್ರಾಮ. ಪಕ್ಕದ ಜ್ಞಾನಭಾರತಿ ಆವರಣದಲ್ಲೇ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. 1963ರಲ್ಲಿ ಹುಟ್ಟಿದ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಮೇಷ್ಟ್ರುಗಳಿಗೆ ಇಂಗ್ಲಿಷ್ ಪಾಠ ಮಾಡುವ ಬಗೆಯನ್ನು ಹೇಳಿಕೊಡುತ್ತ ಬಂದಿದೆ.

ಆ ಕಾಲದ ತರಗತಿಗಳಲ್ಲಿ ವಾಕ್ಯದ ಅಚ್ಚುಗಳದೇ ಆಳ್ವಿಕೆ. ಮೇಷ್ಟ್ರು ಒಂದು ವಾಕ್ಯ ಹೇಳಬೇಕು, ಮಕ್ಕಳು ಅದರಲ್ಲೊಂದು ಪದ ಬದಲಿಸಿ ಒಕ್ಕೊರಲಿನಿಂದ ಒಪ್ಪಿಸಬೇಕು. ವ್ಯಾಕರಣ ತಪ್ಪುತ್ತಿರಲಿಲ್ಲ, ನಿಜ. ತೊಡಕೆಲ್ಲ ಗುಣವಾಚಕಗಳಲ್ಲಿ. ಕನ್ನಡದ ಮಗುವಿಗೆ ಹುಡುಗನೂ ಎತ್ತರ, ಬೆಟ್ಟವೂ ಎತ್ತರ. ಇಂಗ್ಲಿಷಿನಲ್ಲಿ ಹುಡುಗ ‘ಟಾಲ್’, ಬೆಟ್ಟ ‘ಹೈ’. ಅಚ್ಚಿನ ಅದೇ ಜಾಗದಲ್ಲಿ ಎರಡೂ ಕೂರುವುದರಿಂದ ಬಾಯಿಪಾಠಕ್ಕೆ ಈ ಭೇದ ಸಿಕ್ಕುವುದಿಲ್ಲ. ಬಳ್ಳಾರಿಯ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಹೊರತಂದಂದಿನಿಂದ ನಿಘಂಟುಕಾರರನ್ನೂ ಕಾಡುತ್ತ ಬಂದ ಕಷ್ಟವಿದು. ಪದಕ್ಕೆ ಪದ ಕೊಟ್ಟರೆ ಸಾಲದು, ಅದು ಯಾವುದರ ಜೊತೆ ಹೊಂದುತ್ತದೆ ಎಂದೂ ಹೇಳಬೇಕು. ನಮ್ಮಲ್ಲೂ ಹಾಗೆಯೇ: ಇಂಗ್ಲಿಷಿನ ‘ಹಾಟ್’ ಕಾಫಿಗಾದರೆ ಬಿಸಿ, ಚಟ್ನಿಗಾದರೆ ಖಾರ. ಅದನ್ನು ನಮಗೆ ಯಾರೂ ನಿಯಮ ಹೇಳಿ ಕಲಿಸಲಿಲ್ಲ.

ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಈ ಸಂಸ್ಥೆಯ ಜೊತೆಗೂಡಿ 1979ರಲ್ಲಿ ಹೊಸ ದಾರಿ ಹಿಡಿದರು. ಮನಸ್ಸು ಅರ್ಥದ ಮೇಲಿದ್ದಾಗಲೇ ಭಾಷೆಯ ರೂಪ ಚೆನ್ನಾಗಿ ಕೈಗೆ ಬರುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಪಾಠದ ಬದಲು ಮಕ್ಕಳಿಗೆ ನಕಾಶೆ, ರೈಲು ವೇಳಾಪಟ್ಟಿ, ಲೆಕ್ಕಾಚಾರದ ಕೆಲಸಗಳು ಸಿಕ್ಕವು. ಮೊದಲು ಇಡೀ ತರಗತಿ ಮೇಷ್ಟ್ರ ಜೊತೆ ಒಂದನ್ನು ಬಿಡಿಸಬೇಕು, ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು.

ಇಂಥ ಕೆಲಸದಲ್ಲಿ ಭೇದ ತಾನಾಗಿಯೇ ಮೇಲೇಳುತ್ತದೆ. ‘ಬೇಗ ಹೋಗುವ ರೈಲು ಯಾವುದು?’ ಎಂದರೆ ಮೊದಲು ಹೊರಡುವುದೂ ಆದೀತು, ವೇಗವಾಗಿ ಓಡುವುದೂ ಆದೀತು. ವೇಳಾಪಟ್ಟಿ ಮುಂದಿದ್ದರೆ ಒಂದಕ್ಕೆ ‘ಅರ್ಲಿ’, ಇನ್ನೊಂದಕ್ಕೆ ‘ಫಾಸ್ಟ್’ ಎನ್ನದೆ ಉತ್ತರವೇ ಹೊರಡದು.

ಪ್ರಯೋಗ 1984ರವರೆಗೆ ನಡೆಯಿತು. ಮಾಮೂಲಿ ಶಿಕ್ಷಕರಿಗೆ ಈ ವಿಧಾನ ಸಲೀಸಾಗಿ ಒಗ್ಗಲಿಲ್ಲವೆಂದು ಆಮೇಲಿನ ಮೌಲ್ಯಮಾಪನ ತೋರಿಸಿತು. ಆ ಕೊರತೆಯನ್ನು ಮುಚ್ಚಿಡಬೇಕಿಲ್ಲ. 1987ರಲ್ಲಿ ಈ ಪ್ರಯೋಗದ ಕುರಿತ ಪ್ರಭು ಅವರ ಪುಸ್ತಕವನ್ನು ಆಕ್ಸ್‌ಫರ್ಡ್ ಪ್ರಕಟಿಸಿತು. ಭಾಷಾಬೋಧನೆಯ ಜಗತ್ತು ಇಂದಿಗೂ ಆ ಪ್ರಯೋಗವನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ಈ ಭಾಗದ ಇಂಗ್ಲಿಷ್ ಮೇಷ್ಟ್ರುಗಳು ಕೆಂಗೇರಿ ನಿಲ್ದಾಣದ ವೇಳಾಪಟ್ಟಿಯನ್ನು ಒಮ್ಮೆಯಾದರೂ ತರಗತಿಗೆ ಒಯ್ದು ನೋಡಬೇಕು.