ಬೆಳಕಿಗೆ ನೆಲೆ ಕೊಟ್ಟ ಜೆಲ್

ರಕ್ತದ ಸಕ್ಕರೆಯನ್ನೋ ಪ್ರೋಟೀನನ್ನೋ ಬೆಳಕಿನ ನೆರವಿನಿಂದ ಅಳೆಯುವ ಬಯೋಸೆನ್ಸರುಗಳ ಚರಿತ್ರೆಯನ್ನು ಭೌತವಿಜ್ಞಾನದ ಕಡೆಯಿಂದ ಹೇಳುವುದೇ ರೂಢಿ. 1902ರಲ್ಲಿ ರಾಬರ್ಟ್ ವುಡ್ ಗಮನಿಸಿದ ವಿಚಿತ್ರ ಬೆಳಕಿನ ಪಟ್ಟಿಗಳು, 1968ರಲ್ಲಿ ಒಟ್ಟೊ ಮತ್ತು ಕ್ರೆಚ್‌ಮನ್ ಪ್ರಿಸಂ ಬಳಸಿ ಲೋಹದ ಪದರದಲ್ಲಿ ಎಬ್ಬಿಸಿದ ಪ್ಲಾಸ್ಮನ್ ಅಲೆಗಳು (ಎಲೆಕ್ಟ್ರಾನುಗಳ ಒಟ್ಟುಗೂಡಿದ ತೂಗಾಟ), ಆಮೇಲೆ ಉಪಕರಣ. ಇದು ಸುಳ್ಳಲ್ಲ, ಆದರೆ ಅರ್ಧ ಕಥೆ. ಬೆಳಕು ಪ್ರಯೋಗಾಲಯದ ಮೇಜಿನಿಂದ ಜೀವರಸದ ಹತ್ತಿರಕ್ಕೆ ಬಂದದ್ದು ನೀರು ಹಿಡಿದಿಡುವ ಮೆತ್ತನೆಯ ಪಾಲಿಮರ್ ಸಿಕ್ಕಿದ ಮೇಲೆ. ಆ ಉಳಿದರ್ಧ ಪ್ರಾಗ್‌ನಲ್ಲಿ ಶುರುವಾಗುತ್ತದೆ.

ದೇಹದೊಳಗೆ ಇರಿಸುವ ವಸ್ತು ಲೋಹದಂತೆ ಗಟ್ಟಿಯಾಗಿರಬೇಕೆಂಬ ನಂಬಿಕೆಯನ್ನು ಅಲ್ಲಿನ ರಸಾಯನಶಾಸ್ತ್ರಜ್ಞರಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲೀಮ್ 1950ರ ದಶಕದಲ್ಲಿ ಪ್ರಶ್ನಿಸಿದರು. ಅವರು ತಯಾರಿಸಿದ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಜೆಲ್ ನೀರಿನಲ್ಲಿ ಉಬ್ಬುತ್ತದೆ, ಕರಗುವುದಿಲ್ಲ. ಉಬ್ಬಿದಾಗ ಅದರ ತೂಕದಲ್ಲಿ ಸುಮಾರು ಶೇಕಡಾ 40 ಪಾಲು ನೀರೇ. ಪಾರದರ್ಶಕವೂ ಹೌದು. 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. 1958ರಲ್ಲಿ ರಾಜಕೀಯ ಕಾರಣಕ್ಕೆ ವಿಖ್ಟರ್ಲೆ ಬೋಧನೆಯ ಹುದ್ದೆ ಕಳೆದುಕೊಂಡಿದ್ದರು. 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಮಕ್ಕಳ ಮೆರ್ಕುರ್ ಆಟಿಕೆಯ ತುಂಡುಗಳಿಗೆ ಸೈಕಲ್ ಡೈನಮೊ ಜೋಡಿಸಿ, ತಿರುಗುವ ಅಚ್ಚಿಗೆ ಹನಿಹನಿಯಾಗಿ ದ್ರವ ಬಿಟ್ಟು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಎರಕಹೊಯ್ದರು. ಇದೆಲ್ಲ ಅದೃಷ್ಟದ ಆಟವೆಂದು ಕೆಲವರು ಹೇಳುವುದುಂಟು. ಒಪ್ಪಲಾಗದು. ಆಟಿಕೆಯಿಂದ ಬಂದದ್ದು ಲೆನ್ಸಿನ ಆಕಾರ. ಜೆಲ್‌ನ ರಸಾಯನಶಾಸ್ತ್ರಕ್ಕೆ ಆಗಲೇ ಹಲವು ವರ್ಷಗಳ ದುಡಿಮೆ ಸಂದಿತ್ತು.

ಕಣ್ಣಿಗೆ ಒಗ್ಗಿದ ಈ ವಿಚಾರ ಸೆನ್ಸರಿಗೆ ಏಕೆ ಬೇಕಾಯಿತು? 1983ರಲ್ಲಿ ಸ್ವೀಡನ್ನಿನ ಲಿನ್‌ಶಾಪಿಂಗ್‌ನಲ್ಲಿ ಲೀಡ್‌ಬರ್ಗ್, ನೈಲಾಂಡರ್, ಲುಂಡ್‌ಸ್ಟ್ರಾಮ್ ಬೆಳ್ಳಿಯ ತೆಳು ಪದರದ ಮೇಲಿನ ಪ್ಲಾಸ್ಮನ್ ಅಲೆಗಳಿಂದ ಪ್ರೋಟೀನುಗಳ ಬಂಧವನ್ನು ಗುರುತಿಸಿದರು. ಆದರೆ ಬರಿ ಲೋಹಕ್ಕೆ ಸಿಕ್ಕಸಿಕ್ಕ ಪ್ರೋಟೀನೆಲ್ಲ ಅಂಟಿಕೊಳ್ಳುತ್ತದೆ. ಅಂಟಿದ್ದು ತನ್ನ ಮಡಿಕೆ ಬಿಚ್ಚಿಕೊಂಡು ಕೆಲಸಕ್ಕೆ ಬಾರದಂತೆಯೂ ಆಗಬಹುದು. 1990ರಲ್ಲಿ ಲೋಫಾಸ್ ಮತ್ತು ಯೋನ್ಸನ್ ಚಿನ್ನಕ್ಕೆ ಡೆಕ್ಸ್‌ಟ್ರಾನ್ ಸಕ್ಕರೆ ಸರಪಳಿಗಳ ಜೆಲ್ ಹೊದಿಸುವ ವಿಧಾನ ಪ್ರಕಟಿಸಿದರು. ಅದರ ದಪ್ಪ ಸುಮಾರು 100 ನ್ಯಾನೊಮೀಟರ್. ಬೆಳಕಿನ ಪ್ರಭಾವ ಚಿನ್ನದಿಂದಾಚೆಗೆ ಕೆಲವು ನೂರು ನ್ಯಾನೊಮೀಟರುಗಳವರೆಗೆ ಹಬ್ಬುವುದರಿಂದ, ಇಡೀ ಪದರದೊಳಗೆ ಕಟ್ಟಿದ ಅಣುಗಳೂ ಅಳತೆಗೆ ಸಿಕ್ಕವು. ಅದೇ ವರ್ಷ ಫಾರ್ಮೇಸಿಯಾ ಬಯೋಸೆನ್ಸರ್ ಕಂಪನಿಯ ಬಯಾಕೋರ್ ಯಂತ್ರ ಮಾರುಕಟ್ಟೆಗೆ ಬಂತು.

ಜೆಲ್ಲಿಗೆ ಇಷ್ಟೊಂದು ಮಹತ್ವ ಸಲ್ಲದೆಂಬ ಆಕ್ಷೇಪಣೆಗೆ ಆಧಾರವಿದೆ. ಅಣುಗಳು ಜೆಲ್ ಹೊಕ್ಕು ಹೊರಬರಲು ಹೊತ್ತು ಹಿಡಿಯುವುದರಿಂದ ವೇಗದ ಬಂಧಗಳ ಲೆಕ್ಕ ತಪ್ಪಬಹುದು. ಅಂಥ ಕಡೆ ತಜ್ಞರು ಸಪಾಟು ಮೇಲ್ಮೈಗಳನ್ನೇ ಆರಿಸುತ್ತಾರೆ. ಆದರೆ ಅದು ಒಂದೊಂದು ಪ್ರಯೋಗಕ್ಕೆ ತಕ್ಕ ಆಯ್ಕೆಯ ಮಾತು. ಪ್ರೋಟೀನನ್ನು ಕೆಡಿಸದೆ, ಬೇಡದ್ದನ್ನು ದೂರವಿಟ್ಟು, ಬೇಕಾದ್ದನ್ನು ಬೆಳಕಿನ ವ್ಯಾಪ್ತಿಯೊಳಗೆ ತುಂಬಿಸುವ ಕೆಲಸವನ್ನು ದೃಗ್ವಿಜ್ಞಾನವೊಂದೇ ಮಾಡಲಾರದು. ಉದಾಹರಣೆಗೆ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಎವರ್‌ಸೆನ್ಸ್ ಗ್ಲುಕೋಸ್ ಸೆನ್ಸರನ್ನು ತೋಳಿನ ಚರ್ಮದಡಿಯಲ್ಲಿ 90 ದಿನ ಇರಿಸಲಾಗುತ್ತಿತ್ತು. ಅದರ ಹೊಸ ರೂಪಕ್ಕೆ 2024ರಲ್ಲಿ ಒಂದು ವರ್ಷದ ಬಳಕೆಗೆ ಅನುಮತಿ ಸಿಕ್ಕಿತು. ಸಕ್ಕರೆ ತಾಗಿದಾಗ ಹೊಳೆಯುವ ಅದರ ಅಣುಗಳು ಕೂತಿರುವುದು ವಿಖ್ಟರ್ಲೆ ಮತ್ತು ಲೀಮ್ ಬಳಸಿದ ಮೆಥಾಕ್ರಿಲೇಟಿನ ವಂಶಕ್ಕೇ ಸೇರಿದ ಜೆಲ್ಲಿನಲ್ಲಿ.