ಕೃಷ್ಣಾ-ಘಟಪ್ರಭಾ ನಡುವಣ ಪಟ್ಟಣಗಳ ನದಿ ಸಾಗಾಟ ಹಾಗೂ ರಸ್ತೆ ವ್ಯಾಪಾರ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪಟ್ಟಣಗಳು ಉತ್ತರದ ಕೃಷ್ಣಾ ಹಾಗೂ ದಕ್ಷಿಣದ ಘಟಪ್ರಭಾ ನದಿಗಳ ನಡುವಣ ಭೂಭಾಗದಲ್ಲಿ ನೆಲೆಗೊಂಡಿರುತ್ತವೆ. ಪೂರ್ವಕ್ಕೆ ಹೋದಂತೆ ಕಿರಿದಾಗುವ ಈ ಭೂಭಾಗವು ಚಿಕ್ಕಸಂಗಮದಲ್ಲಿ ಎರಡೂ ನದಿಗಳು ಕೂಡುವುದರೊಂದಿಗೆ ಕೊನೆಗೊಳ್ಳುತ್ತದೆ. ಎರಡು ನದಿಗಳಿದ್ದರೂ ಇಲ್ಲಿ ಸರಕು ನದಿಯ ಉದ್ದಕ್ಕೆ ಸಾಗಿದ್ದು ವಿರಳ. ಮಳೆಗಾಲದಲ್ಲಿ ಮಹಾಪೂರ, ಬೇಸಿಗೆಯಲ್ಲಿ ಬರಿದಾದ ಪಾತ್ರ ಇರುತ್ತಿದ್ದ ಕೃಷ್ಣೆಯು ಜಲಮಾರ್ಗವಾಗಲು ಒದಗಲಿಲ್ಲ. ಆದುದರಿಂದ ಈ ಪ್ರದೇಶದ ವ್ಯಾಪಾರವನ್ನು ನಿರ್ಧರಿಸಿದ್ದು ನದಿಯ ಹರಿವಲ್ಲ, ನದಿಯನ್ನು ದಾಟುವ ಕಡವುಗಳು ಹಾಗೂ ಸಂಸ್ಥಾನಗಳ ಗಡಿಗಳು.

ಪ್ರಾಚೀನ ಹಿನ್ನೆಲೆ

ರಬಕವಿಗೆ ಸಮೀಪದ ತೇರದಾಳದ ಜೈನ ಬಸದಿಯಲ್ಲಿ ಕ್ರಿ.ಶ. 12ನೆಯ ಶತಮಾನದ ಶಾಸನವಿದ್ದು, ಇದರ ಮೊದಲ ಭಾಗವು ಮಾಂಡಲಿಕ ಗೊಂಕನ ಕಾಲದ್ದಾಗಿರುತ್ತದೆ. ಸದರಿ ಶಾಸನದಲ್ಲಿ ಅಯ್ಯಾವೊಳೆ ಐನೂರ್ವರ ವರ್ತಕ ಸಂಘವನ್ನು ವಿಸ್ತಾರವಾಗಿ ಹೊಗಳಲಾಗಿದೆ. ಆ ಸಂಘದ ಮೂಲಸ್ಥಾನವಾದ ಐಹೊಳೆಯು ಇದೇ ಜಿಲ್ಲೆಯಲ್ಲಿರುವುದು ಗಮನಾರ್ಹ. ಕೃಷ್ಣೆಯ ಆಚೆ ದಡದ ಅಥಣಿಯು 17ನೆಯ ಶತಮಾನದಲ್ಲಿ ಬಿಜಾಪುರ ಹಾಗೂ ಗೋವೆಯ ನಡುವಣ ದೊಡ್ಡ ಪೇಟೆಯಾಗಿ ಐರೋಪ್ಯ ಪ್ರವಾಸಿಗಳ ಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಸಂಸ್ಥಾನಗಳ ಗಡಿ

1948ರವರೆಗೆ ಈ ನಾಲ್ಕು ಪಟ್ಟಣಗಳು ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಜಮಖಂಡಿಯು ಪಟವರ್ಧನ ಮನೆತನದ, ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನಗಳಾಗಿದ್ದವು. ಬೀಳಗಿಯು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ, 1885ರಿಂದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಒಂದೇ ನಗರಸಭೆಯ ವ್ಯಾಪ್ತಿಯಲ್ಲಿರುವ ರಬಕವಿ ಮತ್ತು ಬನಹಟ್ಟಿಗಳು ಅಂದು ಬೇರೆ ಬೇರೆ ಅರಸರಿಗೆ ಒಳಪಟ್ಟಿದ್ದವು. ರಬಕವಿಯು ಸಾಂಗಲಿ ಸಂಸ್ಥಾನದ ತೇರದಾಳ ಭಾಗದಲ್ಲಿದ್ದರೆ ಬನಹಟ್ಟಿಯು ಜಮಖಂಡಿಯ ಊರಾಗಿತ್ತು. ಎರಡರಲ್ಲಿಯೂ ನೇಕಾರಿಕೆಯೇ ಮುಖ್ಯ ಕಸುಬು. ಒಂದೇ ಬಗೆಯ ಸೀರೆ ನೇಯುವ ಅಕ್ಕಪಕ್ಕದ ಊರುಗಳ ನೇಕಾರರು ತಕರಾರು ಬಂದಾಗ ಬೇರೆ ಬೇರೆ ಕಚೇರಿಗಳ ಬಾಗಿಲಿಗೆ ಹೋಗಬೇಕಾಗಿತ್ತು. ಜಮಖಂಡಿ ಸಂಸ್ಥಾನದ ಹಂಚಿಕೆಯಂತೂ ಇನ್ನೂ ವಿಚಿತ್ರ: ದೂರದ ಧಾರವಾಡ ಸೀಮೆಯ ಕುಂದಗೋಳವೂ ಅದಕ್ಕೇ ಸೇರಿತ್ತು.

ದಿನಾಂಕ 8-3-1948ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1-11-1956ರಂದು ಈ ಪ್ರದೇಶವು ಮೈಸೂರು ರಾಜ್ಯಕ್ಕೆ, 1997ರಲ್ಲಿ ನೂತನ ಬಾಗಲಕೋಟೆ ಜಿಲ್ಲೆಗೆ ಸೇರ್ಪಡೆಯಾಯಿತು. ಊರ ಬಾಗಿಲಿನ ಜಕಾತಿ ಮಾತ್ರ 1979ರವರೆಗೆ ಉಳಿದುಕೊಂಡಿತ್ತು. ಆ ವರ್ಷ ರಾಜ್ಯದಲ್ಲಿ ಅದನ್ನು ರದ್ದುಪಡಿಸಲಾಯಿತು. ಜಕಾತಿ ನಾಕಾ ಎಂಬ ಮಾತು ಹಿರಿಯರ ಬಾಯಲ್ಲಿ ಈಗಲೂ ಕೇಳಿಬರುತ್ತದೆ.

ಕಡವುಗಳು

ಬೇಸಿಗೆಯಲ್ಲಿ ನೀರು ತಗ್ಗಿದಾಗ ಚಕ್ಕಡಿಗಳು ನದಿಯ ಪಾತ್ರದಲ್ಲಿಯೇ ಹಾಯ್ದು ಹೋಗುತ್ತಿದ್ದವು. ಮಳೆಗಾಲದಲ್ಲಿ ಅಂಬಿಗರ ದೋಣಿ ಹಾಗೂ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲುಗಳೇ ಆಧಾರ. ಹರಿಗೋಲಿಗೆ ಮೂಟೆ ಏರುತ್ತದೆಯೇ ಹೊರತು ಹೇರಿದ ಚಕ್ಕಡಿ ಏರುವುದಿಲ್ಲ. ಹೀಗಾಗಿ ಸರಕನ್ನು ಈ ದಡದಲ್ಲಿ ಇಳಿಸಿ, ಆ ದಡದಲ್ಲಿ ಮತ್ತೆ ಹೇರಬೇಕಾಗುತ್ತಿತ್ತು. ಹೊಳೆ ತುಂಬಿ ಬಂದರೆ ಅದೂ ಇಲ್ಲ. ನೀರು ಇಳಿಯುವವರೆಗೆ ಸರಕು ದಡದಲ್ಲಿಯೇ ಉಳಿಯುತ್ತಿತ್ತು. ಬೀಳಗಿ ತಾಲ್ಲೂಕಿನ ಗಲಗಲಿ ಕೃಷ್ಣಾ ದಡದ ಊರು. ರಬಕವಿಯಿಂದ ಎದುರು ದಡದ ಮಹಿಷವಾಡಗಿಗೆ ಜನರು ಹಾಗೂ ಅವರ ದ್ವಿಚಕ್ರ ವಾಹನಗಳು ದೋಣಿಯಲ್ಲಿಯೇ ದಾಟುವುದು 21ನೆಯ ಶತಮಾನದಲ್ಲಿಯೂ ಮುಂದುವರಿದಿತ್ತು.

ರೈಲು ಬಂದ ಮೇಲೆ ಸರಕಿನ ದಿಕ್ಕು ಬದಲಾಯಿತು. ಬಾಗಲಕೋಟೆಯ ಮೂಲಕ ಹೋಟಗಿ-ಗದಗ ಮಾರ್ಗವು 1884ರಲ್ಲಿ ಆರಂಭವಾಯಿತು. ಪಶ್ಚಿಮದ ಕುಡಚಿ ನಿಲ್ದಾಣವು ಕೃಷ್ಣೆಯ ಈಚೆ ದಡದಲ್ಲಿಯೇ ಇರುವುದರಿಂದ ರಬಕವಿ-ಬನಹಟ್ಟಿ ವರ್ತಕರು ಯಾವ ದೊಡ್ಡ ನದಿಯನ್ನೂ ದಾಟದೆ ಅಲ್ಲಿಗೆ ಮುಟ್ಟಬಹುದಾಗಿತ್ತು. ಬೀಳಗಿಯವರಿಗೆ ಬಾಗಲಕೋಟೆ ಹತ್ತಿರವಾದರೂ ನಡುವೆ ಘಟಪ್ರಭೆ ಅಡ್ಡ. ನಾಲ್ಕೂ ಪಟ್ಟಣಗಳಿಗೆ 20ನೆಯ ಶತಮಾನದುದ್ದಕ್ಕೂ ರೈಲು ಬರಲೇ ಇಲ್ಲ.

ಸರಕುಗಳಲ್ಲಿ ಹತ್ತಿ, ಜೋಳ, ನೂಲು, ಸೀರೆ ಹಾಗೂ ಬೆಲ್ಲ ಮುಖ್ಯವಾದವು. ಹಿಂದೆ ಮುಧೋಳ ಸಂಸ್ಥಾನದಲ್ಲಿದ್ದ ಮಹಾಲಿಂಗಪುರದ ಬೆಲ್ಲದ ಪೇಟೆಯು ರಾಜ್ಯದ ಹೆಸರಾಂತ ಪೇಟೆಗಳಲ್ಲಿ ಒಂದಾಗಿರುತ್ತದೆ.

ಅಣೆಕಟ್ಟುಗಳ ನಂತರ

ಜಮಖಂಡಿ ಸಮೀಪದ ಚಿಕ್ಕಪಡಸಲಗಿಯಲ್ಲಿ ಶ್ರೀ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಮತ್ತು ಶ್ರಮದಾನದಿಂದ ಬ್ಯಾರೇಜು ನಿರ್ಮಿಸಿದರು. ಇದು 1989ರಲ್ಲಿ ಪೂರ್ಣಗೊಂಡಿತು. ಹಿಪ್ಪರಗಿಯ ಬ್ಯಾರೇಜು ತದನಂತರದ್ದು. ನಿಂತ ನೀರಿನಿಂದ ಕಬ್ಬು ಹೆಚ್ಚಿತು, ಆದರೆ ಬೇಸಿಗೆಯ ಚಕ್ಕಡಿ ದಾರಿಗಳು ಮುಳುಗಿದವು. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಹಿನ್ನೀರು ಬೀಳಗಿ ತಾಲ್ಲೂಕಿನ ಎರಡೂ ನದಿ ದಡಗಳನ್ನು ಆವರಿಸುತ್ತದೆ. ಈ ದಡಗಳ ಅನೇಕ ಗ್ರಾಮಗಳು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡಿವೆ. 2019ರ ಪ್ರವಾಹದಲ್ಲಿ ನದಿತೀರದ ಹಲವು ರಸ್ತೆಗಳ ಸಂಚಾರ ಹಿಂದಿನ ಮಳೆಗಾಲಗಳಂತೆಯೇ ಕಡಿತಗೊಂಡಿತ್ತು. ಮುಧೋಳದ ಬಳಿ ಘಟಪ್ರಭೆಯ ಯಾದವಾಡ ಸೇತುವೆಯು ಮಹಾಪೂರದಲ್ಲಿ ಮುಳುಗುವುದುಂಟು.

ಹಳೆಯ ದಾಖಲೆ ಕೋರುವವರ ಗಮನಕ್ಕೆ

1948ಕ್ಕೂ ಮುಂಚಿನ ಜಮೀನು, ಅಂಗಡಿ ಅಥವಾ ಇನಾಮಿಗೆ ಸಂಬಂಧಿಸಿದ ನಕಲು ಕೋರುವ ಸಾರ್ವಜನಿಕರು ಅರ್ಜಿಯಲ್ಲಿ ಗ್ರಾಮದ ಈಗಿನ ತಾಲ್ಲೂಕಿನೊಂದಿಗೆ ಅಂದಿನ ಸಂಸ್ಥಾನದ ಹೆಸರನ್ನೂ ನಮೂದಿಸುವುದು ಸೂಕ್ತ. ಪಕ್ಕದ ಎರಡು ಊರುಗಳ ಕಾಗದಗಳು ಒಂದೇ ದಫ್ತರದಲ್ಲಿ ಇರುತ್ತವೆಂದು ಭಾವಿಸತಕ್ಕದ್ದಲ್ಲ. ಸಂಸ್ಥಾನಗಳ ಹಳೆಯ ಕಾಗದಪತ್ರಗಳು ಹೆಚ್ಚಾಗಿ ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇರುವುದರಿಂದ ಅವುಗಳನ್ನು ಓದಿಸಲು ಮೋಡಿ ಬಲ್ಲವರ ನೆರವು ಬೇಕಾಗುತ್ತದೆ.